ಇಂಜಿನ್ ಸದ್ದಿನ ಅಡಿಯ ಆರು ಸೆಕೆಂಡು

ಯಂತ್ರದ ದನಿ ಹೇಗಿರಬೇಕು ಎಂಬ ಒಂದೇ ವಿಷಯಕ್ಕೆ ನಾನೂ ನಿರ್ದೇಶಕರೂ ಹನ್ನೊಂದು ದಿನ ಜಗಳವಾಡಿದೆವು. ಕುಮಟಾ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ನನ್ನ ಧ್ವನಿಮುದ್ರಣದ ಕೋಣೆ. ಗೋಡೆಗೆ ಹಳೆಯ ಹತ್ತಿ ಹಾಸಿಗೆಗಳನ್ನು ಬಿಗಿದಿದ್ದೇನೆ, ಕಿಟಕಿಗೆ ಎರಡು ಪದರ ಗಾಜು ಹಾಕಿಸಿದ್ದೇನೆ. ಆದರೂ ಹೆದ್ದಾರಿಯಲ್ಲಿ ಮೀನಿನ ಲಾರಿ ಹಾರ್ನ್ ಹೊಡೆದರೆ ಅದು ದಾಟುವವರೆಗೆ ಕೈಕಟ್ಟಿ ಕೂರಬೇಕು. ಆ ಕೋಣೆಗೆ ಹೊರ ಊರಿನ ಈ ತರುಣ ನಿರ್ದೇಶಕರು ತಮ್ಮ ಮೊದಲ ಸಿನಿಮಾ ತಂದಿದ್ದರು. ಚಿತ್ರೀಕರಣ ನಮ್ಮ ಕರಾವಳಿಯಲ್ಲೇ ಮುಗಿದಿತ್ತು. ಚಿತ್ರೀಕರಣದ ಸ್ಥಳದಲ್ಲೂ ಇಲ್ಲೂ ಶಬ್ದದ ಕೆಲಸ ಪೂರ್ತಿ ನನ್ನದು.

ಕಥೆ ಹೀಗಿತ್ತು. ಬೋಟಿನ ಚಾಲಕನೊಬ್ಬ ಸಮುದ್ರದಲ್ಲಿ ತೀರಿಹೋಗುತ್ತಾನೆ. ಅವನ ಹೆಂಡತಿಗೆ ಯಾರೋ ಒಂದು ಫೋನು ಕೊಡುತ್ತಾರೆ. ಅದರೊಳಗಿನ ಎಐ ಗಂಡನ ದನಿಯಲ್ಲೇ ಅವಳ ಜೊತೆ ಮಾತಾಡುತ್ತದೆ. ಮೊದಮೊದಲು ಅವಳಿಗೆ ಸಮಾಧಾನವಾಗುತ್ತದೆ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಯಂತ್ರ ಕೆಟ್ಟದಾಗುತ್ತದೆ. ಮನೆಯ ದೀಪಗಳು ಕೆಂಪಾಗುತ್ತವೆ, ಬಾಗಿಲುಗಳು ತಾವಾಗಿಯೇ ಹಾಕಿಕೊಳ್ಳುತ್ತವೆ, ಗಂಡನ ದನಿ ಒಡೆದು ಗುಡುಗಿನಂತಾಗಿ "ನೀನು ಎಲ್ಲಿಗೂ ಹೋಗಲಾರೆ" ಎನ್ನುತ್ತದೆ.

ಗಂಡನ ಪಾತ್ರ ಮಾಡಿದ ನಟನನ್ನು ನನ್ನ ಕೋಣೆಯಲ್ಲಿ ಕೂರಿಸಿ ಸಾಲುಗಳನ್ನು ಹೇಳಿಸಿದೆ. ಆಮೇಲೆ ಪ್ರತಿ ಸಾಲಿನಿಂದಲೂ ಉಸಿರು ತೆಗೆದೆ. ನಾವು ಮಾತಾಡುವಾಗ ಪದಗಳ ನಡುವೆ ಸಣ್ಣ ಸಣ್ಣ ಉಸಿರು ಎಳೆದುಕೊಳ್ಳುತ್ತೇವೆ. ಅದನ್ನು ಒಂದೊಂದಾಗಿ ಕತ್ತರಿಸಿದರೆ ಸಾಕು, ಮನುಷ್ಯನ ದನಿ ಯಂತ್ರದ್ದಾಗುತ್ತದೆ. ಕೊನೆಯ ಇಪ್ಪತ್ತು ನಿಮಿಷಕ್ಕೆ ಅದೇ ದನಿಯ ಎರಡನೆಯ ಪ್ರತಿ ಮಾಡಿ, ಸ್ಥಾಯಿ ತಗ್ಗಿಸಿ, ಕೂದಲೆಳೆಯಷ್ಟು ಹಿಂದೆ ಸರಿಸಿ ಜೋಡಿಸಿದೆ. ಒಬ್ಬನೇ ಇಬ್ಬರಾಗಿ ಮಾತಾಡಿದಂತೆ ಕೇಳುತ್ತಿತ್ತು.

"ಸಾಲದು ಮೇಡಂ, ಜನ ಹೆದರಬೇಕು," ಎನ್ನುತ್ತಿದ್ದರು ನಿರ್ದೇಶಕರು.

"ಜನ ಎಂತಕ್ಕೆ ಹೆದರ್ತಾರೆ ಅಂತ ನಿಮಗೆ ಗೊತ್ತಿದ್ಯಾ?" ಎಂದೆ ಹನ್ನೊಂದನೆಯ ದಿನ.

"ಕೇಳಿಯೇ ಬಿಡೋಣ," ಎಂದರು ಅವರು. ಹಾಗೆ ಅರೆಬರೆ ಸಂಕಲನದ ಪ್ರತಿಯನ್ನೇ ಮೂರು ಕಡೆ ತೋರಿಸುವುದೆಂದು ತೀರ್ಮಾನವಾಯಿತು. ಒಂದು ಪ್ರೊಜೆಕ್ಟರ್, ಒಂದು ಬಿಳಿ ಪರದೆ, ನನ್ನ ಎರಡು ಸ್ಪೀಕರ್. ಸಿನಿಮಾ ಮುಗಿದ ಮೇಲೆ ಜನರನ್ನು ಮಾತಾಡಿಸುವುದು ನಾನು. ನಿರ್ದೇಶಕರು ತಾವು ಯಾರೆಂದು ಹೇಳಿಕೊಳ್ಳದೆ ಹಿಂದೆ ಕೂರುವುದು.

ಮೊದಲನೆಯದು ಭಟ್ಕಳದಲ್ಲಿ, ಪರಿಚಯದವರ ಮನೆಯ ದೊಡ್ಡ ಹಜಾರದಲ್ಲಿ. ಹೆಂಗಸರಿಗಷ್ಟೇ ಎಂದಿದ್ದರಿಂದ ನಿರ್ದೇಶಕರು ಹೊರಗಿನ ಜಗಲಿಕಟ್ಟೆಯ ಮೇಲೆ ಕುಳಿತು ಗೋಡೆಯಾಚೆಯಿಂದ ಕಿವಿಗೊಟ್ಟರು. ಒಳಗೆ ಮೂವತ್ತು ಜನರಿದ್ದರು. ಅವರಲ್ಲಿ ಹೆಚ್ಚಿನವರ ಮನೆಯಲ್ಲಿ ಒಬ್ಬರಾದರೂ ಗಲ್ಫಿನಲ್ಲಿದ್ದಾರೆ. ಕೆಂಪು ದೀಪ ಹತ್ತಿದ ಕೂಡಲೇ ಕಾಲೇಜಿನ ಹುಡುಗಿಯರು ನಕ್ಕರು.

"ಎಲ್ಲಾ ಸಿನಿಮಾದಲ್ಲೂ ಇದೇ ಅಲ್ಲವಾ," ಎಂದಳು ಒಬ್ಬಳು. "ಎಐ ಬಂದ್ರೆ ಮೊದಲು ಸಿಹಿ ದನಿ, ಆಮೇಲೆ ಕೆಂಪು ಲೈಟು. ನಾವು ಪರೀಕ್ಷೆಗೆ ಓದೋದೇ ಅದರ ಹತ್ರ ಕೇಳಿ. ಅದು ಒಂದು ದಿನವೂ ಬಾಗಿಲು ಹಾಕಿಲ್ಲ."

ಅವಳ ಪಕ್ಕದಲ್ಲಿದ್ದ ಅಜ್ಜಿ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಹೇಳಿದರು. ಹುಡುಗಿ ಕನ್ನಡ ಮಾಡಿ ಹೇಳಿದಳು. "ಅಜ್ಜ ದುಬೈಯಲ್ಲಿದ್ದಾಗ ಫೋನಿರಲಿಲ್ಲ, ಕ್ಯಾಸೆಟ್ ಕಳಿಸ್ತಿದ್ರಂತೆ. ಒಂದು ಬದಿಯಲ್ಲಿ ಅವರ ಮಾತು. ಇನ್ನೊಂದು ಬದಿಯಲ್ಲಿ ಅಜ್ಜಿ ಮಾತಾಡಿ, ಹೋಗುವವರ ಕೈಲಿ ಕೊಟ್ಟು ಕಳಿಸೋದು. ಉತ್ತರ ಬರಲಿಕ್ಕೆ ನಲವತ್ತು ದಿನ. ನಿಮ್ಮ ಯಂತ್ರ ಕೇಳಿದ ಕೂಡಲೇ ಉತ್ತರ ಕೊಡ್ತದೆ. ಅದು ಗಂಡ ಅಲ್ಲ ಅಂತ ಆಕೆಗೆ ಅಷ್ಟರಿಂದಲೇ ಗೊತ್ತಾಗಬೇಕಿತ್ತು ಅಂತಾರೆ ಅಜ್ಜಿ."

ಎಲ್ಲರೂ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಆ ಕ್ಯಾಸೆಟ್ಟುಗಳು ಈಗಲೂ ಇವೆಯೇ ಎಂದು ಕೇಳಿದೆ. ಇವೆಯಂತೆ. ಕೇಳಿಸುವ ಯಂತ್ರ ಕೆಟ್ಟು ವರ್ಷಗಳಾದವಂತೆ.

ವಾಪಸು ಬರುವಾಗ ಶರಾವತಿ ಸೇತುವೆ ದಾಟಿದೆವು. ನಿರ್ದೇಶಕರು, "ತಗ್ಗಿನ ದನಿ ಇನ್ನೂ ಹೆಚ್ಚಿಸೋಣ. ಎದೆ ನಡುಗಬೇಕು," ಎಂದರು.

ಹೆಚ್ಚಿಸಿದೆ. ಅದರ ಫಲ ಹೊನ್ನಾವರದ ಪಕ್ಕದ ಕರ್ಕಿಯಲ್ಲಿ ಸಿಕ್ಕಿತು. ಅಲ್ಲಿನ ಸಭಾಂಗಣಕ್ಕೆ ತಗಡಿನ ಮಾಡು. ಯಂತ್ರ ಗುಡುಗಿದಾಗ ತಗಡೂ ಗಡಗಡ ಎಂದಿತು, ಒಂದು ಸ್ಪೀಕರಿನೊಳಗಿನ ಕಾಗದದ ಹಾಳೆ ಹರಿಯಿತು. ಉಳಿದದ್ದನ್ನು ಒಂದೇ ಸ್ಪೀಕರಿನಲ್ಲಿ ತೋರಿಸಿದೆವು. ಮುಗಿದ ಮೇಲೆ ಯಕ್ಷಗಾನದಲ್ಲಿ ಜೀವಮಾನವಿಡೀ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ ಮಾಡಿ ಈಗ ಬಣ್ಣ ಬಿಟ್ಟಿರುವ ಹಿರಿಯರೊಬ್ಬರು ನನ್ನ ಹತ್ತಿರ ಬಂದರು.

"ತಂಗಿ, ನಿಮ್ಮ ಯಂತ್ರ ಬಣ್ಣದ ವೇಷ ಆತು," ಎಂದರು. "ನಾನು ಪರದೆ ಹಿಂದೆ ಕೂಗು ಹಾಕಿ, ಕಣ್ಣು ಕೆಂಪು ಮಾಡ್ಕಂಡು ಕುಣಿತಿದ್ದೆ. ಜನ ಹೆದರ್ತಿದ್ರಾ? ಇಲ್ಲ. ಖುಷಿ ಪಡ್ತಿದ್ರು. ಜೋಲಿಯ ಕೂಸು ಅತ್ತರೆ ಅದೂ ಒಂದು ಖುಷಿ. ಅದೇ ರಕ್ಕಸ ಸನ್ಯಾಸಿ ವೇಷದಲ್ಲಿ ಭಿಕ್ಷೆ ಕೇಳೂಕೆ ಬರುವ ಪ್ರಸಂಗ ಇರ್ತದೆ ನೋಡಿ, ಅಲ್ಲಿ ಸಭೆ ಉಸಿರು ಬಿಡೂದಿಲ್ಲ. ಅವ ಅಲ್ಲಿ ಕೂಗೂದೇ ಇಲ್ಲ. ಎದುರಿನವಳಿಗೆ ಎಂತ ಬೇಕೋ ಅದನ್ನೇ ಮೆತ್ತಗೆ ಮಾತಾಡ್ತ."

ಇದನ್ನು ನಿರ್ದೇಶಕರು ಪುಸ್ತಕದಲ್ಲಿ ಬರೆದುಕೊಂಡರು. ಆದರೆ ಮುಖ ಬಾಡಿತ್ತು. ಇಪ್ಪತ್ತು ನಿಮಿಷದ ಕೆಂಪು ದೀಪಕ್ಕೆ ಅವರು ಎರಡು ವಾರ ಚಿತ್ರೀಕರಣ ಮಾಡಿದ್ದರು.

ಮೂರನೆಯದು ಕುಮಟಾದಿಂದ ಹತ್ತಿರದ ಬಾಡದಲ್ಲಿ, ಭಾನುವಾರ ಮಧ್ಯಾಹ್ನ, ಶಾಲೆಯ ಕೋಣೆಯಲ್ಲಿ. ಮೀನುಗಾರಿಕೆಯವರು, ಗದ್ದೆ ಕೆಲಸದವರು ಬಂದಿದ್ದರು. ಫೋನಿನಿಂದ ಗಂಡನ ದನಿ ಮೊದಲ ಸಲ ಹೆಂಡತಿಯ ಹೆಸರು ಹಿಡಿದು ಕರೆಯುವ ದೃಶ್ಯ ಬಂದಾಗ ಮೂರನೆಯ ಸಾಲಿನ ಹೆಂಗಸೊಬ್ಬಳು ಎದ್ದು ಹೊರಗೆ ಹೋದಳು. ಸಿನಿಮಾ ಮುಗಿಯುವವರೆಗೂ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದಳು. ಕೆಂಪು ದೀಪ, ಗುಡುಗು, ಬಾಗಿಲು ಯಾವುದನ್ನೂ ಅವಳು ನೋಡಲಿಲ್ಲ.

ನಾನು ವಯರು ಸುತ್ತುತ್ತಿದ್ದಾಗ ಬಂದು ನಿಂತಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು. ಶಾಲೆಯಲ್ಲಿ ಮುಂದೆ ನಿಂತು ಮಾತಾಡಿದವಳು ಎಂದು ನನ್ನನ್ನೂ ಟೀಚರ್ ಲೆಕ್ಕಕ್ಕೆ ಸೇರಿಸಿದ್ದಳು.

"ಅಕ್ಕೋರೆ, ಆ ಫೋನು ಎಲ್ಲಿ ಸಿಗ್ತದೆ?"

"ಅದು ಸಿನಿಮಾ ಅಲ್ವಾ ಅಕ್ಕಾ. ನಟನೊಬ್ಬ ನನ್ನ ಕೋಣೆಲಿ ಕೂತು ಹೇಳಿದ್ದು."

"ಹಂಗಾದ್ರೆ ಸುಳ್ಳಾ?"

ಸುಳ್ಳು ಎಂದು ಹೇಳಲು ಬಾಯಿ ಬರಲಿಲ್ಲ. ಈಗ ಅಂಥದ್ದು ಮಾಡಲು ಬರುತ್ತದೆ ಎಂಬುದು ನನಗೆ ಗೊತ್ತು. ಒಂದು ನಿಮಿಷದ ದನಿ ಸಿಕ್ಕರೆ ಸಾಕು. "ಯಾರದ್ದು ಬೇಕಿತ್ತು?" ಎಂದು ಕೇಳಿದೆ.

ಅವಳ ಗಂಡ ಭಟ್ಕಳ ಬಂದರಿನ ಬೋಟಿಗೆ ಹೋಗುತ್ತಿದ್ದ. ಐದು ವರ್ಷದ ಹಿಂದೆ ಗಾಳಿಗೆ ಸಿಕ್ಕಿ ಬೋಟು ಮಗುಚಿತು. ಇಬ್ಬರು ಈಜಿ ಬದುಕಿದರು. ಅವನ ಹೆಣವೂ ಸಿಗಲಿಲ್ಲ. ಹೊರಟ ದಿನ ಬೆಳಿಗ್ಗೆ ದಂಡೆಯಿಂದ ಕಳಿಸಿದ ಒಂದು ವಾಯ್ಸ್ ಮೆಸೇಜ್ ಅವಳ ಫೋನಿನಲ್ಲಿ ಉಳಿದಿತ್ತು.

"ಮಾತಾಡ್ಸೂದು ಬ್ಯಾಡ ಅಕ್ಕೋರೆ," ಎಂದಳು. "ಕಡೀಗೆ ಎಂತದೋ ಹೇಳ್ತ್ರು. ಇಂಜಿನ್ ಸದ್ದಲ್ಲಿ ಕೇಳೂದಿಲ್ಲ. ಹೇಳಿದ್ದೊಂದು ತಿಳಿದ್ರೆ ಸಾಕಿತ್ತು."

ಮಂಗಳವಾರ ನನ್ನ ಕೋಣೆಗೆ ಬಂದಳು. ಬೇರೆ ಯಾವ ಕೆಲಸಕ್ಕೂ ಮುಂಚೆ ಮೂಲ ಫೈಲನ್ನು ಎರಡು ಕಡೆ ನಕಲು ಮಾಡಿಟ್ಟುಕೊಂಡೆ. ಒಟ್ಟು ಹದಿನೇಳು ಸೆಕೆಂಡು. ಮೊದಲ ಹನ್ನೊಂದು ಸೆಕೆಂಡು ಸ್ವಚ್ಛ. "ಹೋಯ್, ಕೇಳ್ತಾ? ಐಸ್ ತುಂಬಿ ಆತು. ಈಗ ಬಿಡ್ತ್ರು ಬೋಟು. ಬರೂಕೆ ಶನಿವಾರ ಆಗ್ಬಹುದು. ಅಲ್ಲಾ, ಇನ್ನೊಂದ್ ಮಾತು." ಅಷ್ಟರಲ್ಲಿ ಇಂಜಿನ್ ಚಾಲೂ ಆಗುತ್ತದೆ. ಉಳಿದ ಆರು ಸೆಕೆಂಡು ಅದರಡಿಗೆ ಹೋಗಿದೆ.

"ಎರಡು ದಿನ ಕೊಡಿ," ಎಂದು ಅವಳನ್ನು ಕಳಿಸಿದೆ.

ಮೊದಲು ಕೈಯಿಂದಲೇ ಪ್ರಯತ್ನಪಟ್ಟೆ. ಇಂಜಿನ್ನಿನ ಗುಂಯ್ ಒಂದೇ ಸ್ಥಾಯಿಯಲ್ಲಿ ಇರುವುದಿಲ್ಲ, ಅದರ ಮೇಲೆ ಮೆಟ್ಟಿಲಿನಂತೆ ಬೇರೆ ಸ್ಥಾಯಿಗಳು ಏಳುತ್ತವೆ. ಕಂಪ್ಯೂಟರಿನ ಪರದೆಯಲ್ಲಿ ಅವು ಅಡ್ಡ ಗೆರೆಗಳಾಗಿ ಕಾಣುತ್ತವೆ. ಒಂದೊಂದೇ ಗೆರೆಯನ್ನು ಹುಡುಕಿ ಸಣ್ಣಗೆ ಕೊರೆದು ತೆಗೆದೆ. ಹೆಚ್ಚು ಕೊರೆದರೆ ದನಿಯೂ ಹೋಗುತ್ತದೆ, ಕಡಿಮೆ ಕೊರೆದರೆ ಇಂಜಿನ್ ಉಳಿಯುತ್ತದೆ. ಸಂಜೆಯ ಹೊತ್ತಿಗೆ ಸಿಕ್ಕಿದ್ದು ಇಷ್ಟು: ಶುರುವಿನಲ್ಲಿ 'ನೀ' ಎಂದೋ 'ನಿ' ಎಂದೋ ಒಂದಕ್ಷರ, ಕೊನೆಗೆ 'ತೆ' ಎಂದೋ 'ದೆ' ಎಂದೋ ಇನ್ನೊಂದು. ನಡುವೆ ಬಟ್ಟೆ ಮುಚ್ಚಿ ಮಾತಾಡಿದಂತೆ ಒಂದು ಏರಿಳಿತ. ಮಾತು ಇದೆ, ಪದ ಇಲ್ಲ. ಒಂದಕ್ಷರವನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸುವ ಮೇಲಿನ ಸ್ಥಾಯಿಗಳನ್ನು ಅವನ ಹಳೆಯ ಫೋನೇ ಮುದ್ರಿಸಿಕೊಂಡಿರಲಿಲ್ಲ. ಇಲ್ಲದ್ದನ್ನು ನಾನು ಎಲ್ಲಿಂದ ತರಲಿ?

ಮರುದಿನ ನಿರ್ದೇಶಕರು ತಮ್ಮ ಲ್ಯಾಪ್‌ಟಾಪಿನಲ್ಲಿ ಎಐ ತಂತ್ರಾಂಶವೊಂದನ್ನು ತಂದರು. ಸ್ವಚ್ಛವಾದ ಹನ್ನೊಂದು ಸೆಕೆಂಡಿನಿಂದ ಅದು ಮನುಷ್ಯನ ದನಿ ಕಲಿಯುತ್ತದೆ, ಕೆಟ್ಟ ಭಾಗವನ್ನು ಹೊಸದಾಗಿ ಕಟ್ಟಿ ಕೊಡುತ್ತದೆ. ಹಾಕಿದೆವು. ಚಹಾ ಕುಡಿಯುವಷ್ಟರಲ್ಲಿ ಆಯಿತು.

"ಇನ್ನೊಂದ್ ಮಾತು. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ನಾ ಬತ್ತೆ."

ಇಂಜಿನ್ ಇಲ್ಲ. ಸ್ಫಟಿಕದಂತೆ ಕೇಳುತ್ತಿತ್ತು. ನಡುವೆ ಉಸಿರು ಕೂಡ ಇತ್ತು, ನಾನು ಸಿನಿಮಾದಲ್ಲಿ ಕತ್ತರಿಸಿದಂಥ ಉಸಿರು. ನಿರ್ದೇಶಕರ ಕಣ್ಣು ಒದ್ದೆಯಾಯಿತು. ಸುಮ್ಮನೆ ಅದೇ ಆರು ಸೆಕೆಂಡನ್ನು ಇನ್ನೊಮ್ಮೆ ತಂತ್ರಾಂಶಕ್ಕೆ ಹಾಕಿ ನೋಡಿದೆ. ಈ ಸಲ, "ನೀನು ಬಾಗ್ಲು ಹಾಕಿ ಮಲಗು, ಶನಿವಾರ ಬತ್ತೆ," ಎಂದಿತು. ಮೂರನೆಯ ಸಲ, "ನಿನ್ನ ನೆನಪಾಗ್ತದೆ, ಬೇಗ ಬತ್ತೆ." ಮೂರೂ ಅವನ ದನಿಯೇ. ಮೂರೂ ನಾನು ಕೈಯಿಂದ ತೆಗೆದ ಆ ಏರಿಳಿತಕ್ಕೆ ಸರಿಯಾಗಿ ಕೂರುತ್ತಿದ್ದವು.

"ಮೊದಲನೆಯದು ಕೊಡಿ ಮೇಡಂ," ಎಂದರು ನಿರ್ದೇಶಕರು. "ಐದು ವರ್ಷದಿಂದ ಕಾಯ್ತಿದ್ದಾರೆ. ಇದರಿಂದ ಯಾರಿಗೆ ನಷ್ಟ?"

"ಅವನು ಹೇಳಿದ್ದಲ್ಲ ಇದು."

"ಹೇಳಿರಲೂಬಹುದಲ್ಲ."

ಅವರು ಹೋದ ಮೇಲೆ ಒಬ್ಬಳೇ ಕುಳಿತು ಮೂರನ್ನೂ ಮತ್ತೆ ಮತ್ತೆ ಹಾಕಿದೆ. ನನ್ನ ಅಪ್ಪ ಬಸ್ ಕಂಡಕ್ಟರಾಗಿದ್ದರು, ಹೊನ್ನಾವರ ಕುಮಟಾ ನಡುವೆ. ಕರ್ಕಿ, ಹಳದೀಪುರ, ಧಾರೇಶ್ವರ ಎಂದು ದಿನಕ್ಕೆ ಹತ್ತಾರು ಸಲ ಕೂಗುತ್ತಿದ್ದರು. ಆ ಊರುಗಳ ಸಾಲು ನನಗೆ ನೆನಪಿದೆ, ಕೂಗಿದ ದನಿ ನೆನಪಿಲ್ಲ. ಊರಿನವರ ದನಿಯೆಲ್ಲ ಮುದ್ರಿಸಿದ ನಾನು ಅವರದ್ದನ್ನು ಒಂದು ಸಲವೂ ಮುದ್ರಿಸಲಿಲ್ಲ. ಯಾರಾದರೂ ಈಗ ಅವರದ್ದೆಂದು ಒಂದು ದನಿ ತಂದು ಕೊಟ್ಟರೆ, ಅದು ಖರೆಯೋ ಅಲ್ಲವೋ ಎಂದು ನಾನು ಕೇಳುತ್ತಿದ್ದೆನೇ? ಕೇಳುತ್ತಿರಲಿಲ್ಲ ಅನ್ನಿಸುತ್ತದೆ.

ಎರಡನೆಯದು ಸ್ವಲ್ಪ ಉದ್ದವಾಯಿತು, ಮೂರನೆಯದು ತೀರಾ ಸಿನಿಮಾದಂತಿದೆ, ಮೊದಲನೆಯದೇ ಸಹಜ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಹೆಡ್‌ಫೋನ್ ತೆಗೆದು ಕೆಳಗಿಟ್ಟೆ. ಡಬ್ಬಿಂಗಿನಲ್ಲಿ ನಟ ಮೂರು ಸಲ ಹೇಳಿದ ಸಾಲಿನಲ್ಲಿ ಚೆಂದದ್ದನ್ನು ಆರಿಸುವ ಕೆಲಸವನ್ನೇ ನಾನಿಲ್ಲಿ ಮಾಡುತ್ತಿದ್ದೆ. ಒಬ್ಬ ಹೆಂಗಸು ಉಳಿದ ಆಯುಷ್ಯವೆಲ್ಲ ನಂಬಿಕೊಂಡು ಇರಬೇಕಾದ ಮಾತನ್ನು, ಚಹಾದ ಲೋಟ ಪಕ್ಕಕ್ಕಿಟ್ಟುಕೊಂಡು ನಾನು ಆರಿಸುತ್ತಿದ್ದೆ. ಆಗಲೇ ನಿರ್ಧಾರ ಮಾಡಿದೆ. ಏನು ನಡೆಯಿತೋ ಅದನ್ನೆಲ್ಲ ಅವಳಿಗೆ ಹೇಳುವುದು.

ಗುರುವಾರ ಬೆಳಿಗ್ಗೆ ಅವಳು ಬಂದಳು. ಎದುರಿಗೆ ಕೂರಿಸಿಕೊಂಡು ಹೇಳಿದೆ. "ಕೈಯಿಂದ ನಾನು ತೆಗೆದದ್ದು ಒಂದಿದೆ. ಅದರಲ್ಲಿ ಮಾತು ಪೂರ್ತಿ ತಿಳಿಯೂದಿಲ್ಲ, ಆದರೆ ಅದು ಅವರದ್ದೇ. ಕಂಪ್ಯೂಟರ್ ಕಟ್ಟಿ ಕೊಟ್ಟದ್ದು ಮೂರಿದೆ. ಅದು ಚೆಂದ ಕೇಳ್ತದೆ. ಆದರೆ ಮೂರೂ ಬೇರೆ ಬೇರೆ ಹೇಳ್ತದೆ. ಅವರು ಎಂತ ಹೇಳಿದ್ರು ಅಂತ ಅದಕ್ಕೂ ಗೊತ್ತಿಲ್ಲ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಚಲೋ ಮಾತೇ ಹೇಳ್ತದ್ಯಾ, ಆ ಮೂರು?"

"ಚಲೋ ಮಾತೇ."

"ಹಂಗಾದ್ರೆ ಕೇಳ್ಸಬ್ಯಾಡಿ ಅಕ್ಕೋರೆ. ಒಂದ್ಸಲ ಕೇಳಿದ್ರೆ ನಂಗೆ ಅದೇ ಖರೆ ಆಗ್ತದೆ."

ದೊಡ್ಡ ಹೆಡ್‌ಫೋನ್ ಅವಳ ಕಿವಿಗಿಟ್ಟು, ಕೈಯಿಂದ ತೆಗೆದ ಆರು ಸೆಕೆಂಡನ್ನು ಹಾಕಿದೆ. ಕಣ್ಣು ಮುಚ್ಚಿ ಕೇಳಿದಳು. ಬೆರಳೆತ್ತಿ ಇನ್ನೊಮ್ಮೆ ಎಂದಳು. ಹಾಕಿದೆ. ಐದನೆಯ ಸಲಕ್ಕೆ ಅವಳ ಹುಬ್ಬು ಗಂಟಾಯಿತು. ಏಳನೆಯದಕ್ಕೋ ಎಂಟನೆಯದಕ್ಕೋ ನಕ್ಕುಬಿಟ್ಟಳು.

"ಕವಳ," ಎಂದಳು. "ಇನ್ನೊಂದ್ ಮಾತು ಅಂದವ್ರು ಬಾಯಿಗೆ ಕವಳ ಹಾಕ್ಕಂಡು ಮಾತಾಡ್ತ್ರು. ತುಂಬ್ಕಂಡಿದ್ರು, ಕೇಳಿ ನೀವು. ಅದ್ಕೇ ತಿಳಿಯೂದಿಲ್ಲ. ಇಂಜಿನ್ ಅಲ್ಲ."

ನಾನೂ ಕೇಳಿದೆ. ಎರಡು ದಿನ ಆರು ಸೆಕೆಂಡಿನ ಮೇಲೆ ಕುಳಿತಿದ್ದರೂ ನನಗೆ ಹೊಳೆಯದ್ದು ಈಗ ಸ್ಪಷ್ಟವಾಗಿ ಕೇಳಿಸಿತು. ನಾಲಿಗೆ ಒಂದು ಬದಿಗೆ ಸರಿದಿತ್ತು, ಕೆನ್ನೆ ಉಬ್ಬಿತ್ತು, ತುಟಿ ಅರ್ಧವೇ ತೆರೆಯುತ್ತಿತ್ತು. ಎಲೆ ಅಡಿಕೆ ಹಾಕಿದವರು ಪಿಚಕ್ಕೆಂದು ಉಗುಳುವ ಮುಂಚೆ ಮಾತಾಡುವ ರೀತಿ ಅದು.

"ಬಿಟ್ಟಿದ್ದೆ ಅಂತ ನನ್ನ ತಲೆ ಮುಟ್ಟಿ ಆಣೆ ಮಾಡಿದ್ರು," ಎಂದಳು. ನಗುತ್ತಲೇ ಇದ್ದಳು, ಹಾಗೆಯೇ ಅಳು ಬಂತು. ನಾನು ನೀರು ಕೊಟ್ಟೆ. ಹೆದ್ದಾರಿಯಲ್ಲಿ ಲಾರಿಗಳು ಒಂದರ ಹಿಂದೊಂದು ಹೋದವು.

ಸಮಾಧಾನವಾದ ಮೇಲೆ ಮೈಕನ್ನು ನೋಡಿದಳು. "ಅವತ್ತು ನಾ ಗದ್ದೆಲಿದ್ದೆ. ಫೋನು ಮನೇಲಿತ್ತು. ಸಂಜೆ ಕೇಳ್ದೆ. ಹೆಂಗೂ ಶನಿವಾರ ಬತ್ತ್ರಲ್ಲ ಅಂತ ಉತ್ರ ಕಳ್ಸಲಿಲ್ಲ. ಇದ್ರಲ್ಲಿ ನಾ ಒಂಚೂರು ಮಾತಾಡಬಹುದಾ?"

ಮೈಕಿನ ಎತ್ತರ ತಗ್ಗಿಸಿ, ಅವಳ ಬಾಯಿಯಿಂದ ಒಂದು ಗೇಣು ದೂರಕ್ಕೆ ಇಟ್ಟೆ. ಮುದ್ರಣ ಶುರು ಮಾಡಿ, ನನ್ನ ಹೆಡ್‌ಫೋನ್ ಬಿಚ್ಚಿಟ್ಟು ನಡುಗೋಡೆಯ ಗಾಜಿನ ಈಚೆಗೆ ಬಂದು ಬಾಗಿಲು ಹಾಕಿದೆ. ಮೀಟರಿನ ಹಸಿರು ಗೆರೆಗಳು ಏಳುವುದು, ಬೀಳುವುದು ಮಾತ್ರ ನನಗೆ ಕಾಣುತ್ತಿತ್ತು. ನಾಲ್ಕು ನಿಮಿಷ ಮಾತಾಡಿದಳು. ಒಮ್ಮೊಮ್ಮೆ ಗೆರೆಗಳು ಪೂರ್ತಿ ಮಲಗಿ, ಮತ್ತೆ ಎದ್ದವು. ಆ ಫೈಲನ್ನು ಅವಳ ಫೋನಿಗೆ ಹಾಕಿ, ಅವಳ ಎದುರಿಗೇ ನನ್ನ ಕಂಪ್ಯೂಟರಿನಿಂದ ಅಳಿಸಿದೆ. ಎಐ ಕಟ್ಟಿದ ಮೂರು ಸಾಲುಗಳನ್ನೂ ಅಳಿಸಿದೆ.

ನಿರ್ದೇಶಕರು ಸಂಜೆ ಬಂದು ಎಲ್ಲ ಕೇಳಿದರು. ಆ ನಾಲ್ಕು ನಿಮಿಷ ಸಿನಿಮಾಕ್ಕೆ ಸಿಕ್ಕಿದ್ದರೆ ಎಂದು ಒಮ್ಮೆ ಅಂದರು. ಮತ್ತೆ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಬಂದು ಕುಳಿತವರು, "ಕೆಂಪು ದೀಪ ತೆಗೆಯೋಣ," ಎಂದರು. ಇಪ್ಪತ್ತು ನಿಮಿಷ ಹೋಯಿತು. ಯಂತ್ರದ ಮಾತುಗಳಿಗೆ ನಾನು ಕತ್ತರಿಸಿದ್ದ ಉಸಿರನ್ನೆಲ್ಲ ಒಂದೊಂದಾಗಿ ವಾಪಸು ಹಾಕಿದೆ. ಅದು ಈಗ ಕೂಗುವುದಿಲ್ಲ, ಹೆಂಡತಿಗೆ ಏನು ಬೇಕೋ ಅದನ್ನೇ ಮೆತ್ತಗೆ ಹೇಳುತ್ತದೆ. ಕೇಳಿ ಕೇಳಿ ನನಗೇ ಒಂದು ಥರದ ಚಳಿ ಹುಟ್ಟಿತು. ಕೊನೆಗೆ, ಹೊಸದಾಗಿ ಚಿತ್ರೀಕರಿಸಿದ ದೃಶ್ಯದಲ್ಲಿ, ಆಕೆ ಫೋನು ಆರಿಸಿ ಅಡುಗೆಮನೆಯ ಹಿಂಬಾಗಿಲಲ್ಲಿ ಕೂರುತ್ತಾಳೆ. "ಇವತ್ತು ಬಂಗಡೆ ಚಲೋ ಸಿಕ್ಕಿತ್ತು," ಎಂದು ಇಲ್ಲದ ಗಂಡನಿಗೆ ಹೇಳುತ್ತಾಳೆ. ಅಷ್ಟೇ. ಆಮೇಲೆ ನಲವತ್ತು ಸೆಕೆಂಡು ಸಂಗೀತವಿಲ್ಲ, ಮಾತಿಲ್ಲ. ಚಿತ್ರೀಕರಣದ ದಿನ ಆ ಮನೆಯಲ್ಲಿ ಯಾರೂ ಮಾತಾಡದಿದ್ದಾಗ ನಾನು ಮುದ್ರಿಸಿಕೊಂಡಿದ್ದ ಬರೀ ಮನೆಯ ಸದ್ದು.

"ಜನ ಎದ್ದು ಹೋಗ್ತಾರೆ ಮೇಡಂ," ಎಂದು ಅವರು ಕೊನೆಯ ದಿನದವರೆಗೂ ಹೆದರಿದ್ದರು.

ಮೊದಲ ಪ್ರದರ್ಶನ ಹೊನ್ನಾವರದಲ್ಲಿ ಆಯಿತು. ಬಾಡದ ಹೆಂಗಸನ್ನು ಕರೆದಿದ್ದೆ. ಗದ್ದೆಯಲ್ಲಿ ನಟ್ಟಿ ಕೆಲಸ ಇದೆ ಎಂದು ಬರಲಿಲ್ಲ. ಇನ್ನೂರು ಕುರ್ಚಿಯ ಸಭಾಂಗಣ ಮುಕ್ಕಾಲು ತುಂಬಿತ್ತು. ನಾನು ಹಿಂದೆ, ಧ್ವನಿಯ ಮೇಜಿನ ಬಳಿ ಕುಳಿತಿದ್ದೆ. ಆಕೆ ಬಂಗಡೆಯ ಮಾತು ಹೇಳಿದಳು. ನಲವತ್ತು ಸೆಕೆಂಡು ಶುರುವಾಯಿತು. ಇಬ್ಬರು ಹುಡುಗರು ಎದ್ದರು. ಒಬ್ಬ ಇನ್ನೊಬ್ಬನಿಗೆ, "ಎಐ ಸಿನಿಮಾ ಅಂತ ಬಂದದ್ದು, ಎಂತದೂ ಆಗಲೇ ಇಲ್ಲ," ಎಂದು ಪಿಸುಗುಟ್ಟುತ್ತ ಹೊರಗೆ ಹೋದ. ಹತ್ತು ಸೆಕೆಂಡು ಕಳೆಯಿತು, ಹದಿನೈದು ಕಳೆಯಿತು. ಪಕ್ಕದಲ್ಲಿ ನಿರ್ದೇಶಕರು ಕುರ್ಚಿಯ ಕೈ ಬಿಗಿ ಹಿಡಿದಿದ್ದರು.

ಆಗ ಕತ್ತಲಲ್ಲಿ, ಎಡಬದಿಯ ಸಾಲುಗಳಲ್ಲಿ ಎಲ್ಲೋ, ವಯಸ್ಸಾದ ಗಂಡಸಿನ ದನಿಯೊಂದು ತಗ್ಗಿ, ಆಕೆಯ ಬಂಗಡೆಯ ಮಾತಿಗೆ ಪಕ್ಕದಲ್ಲೇ ಕುಳಿತು ಉತ್ತರ ಕೊಟ್ಟಂತೆ, "ಹೂಂ" ಎಂದಿತು.

ಯಾರೂ ನಗಲಿಲ್ಲ. ಉಳಿದ ಸೆಕೆಂಡುಗಳನ್ನು ಸಭೆ ಹಾಗೆಯೇ ಕುಳಿತು ಕಳೆಯಿತು.